ರೋಸ್‌ವುಡ್ ಎಂದರೆ ಯಾವ ಮರ? ರಸೀದಿಯಲ್ಲಿ ‘ಬೀಟೆ’ ಎಂದೇ ಬರೆಸಿಕೊಳ್ಳಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಮನೆಗೆ ಬೇಕಾದ ಪೀಠೋಪಕರಣಗಳ ಆಯ್ಕೆಯನ್ನು ಕುರಿತ ಲೇಖನವೊಂದು ಪ್ರಕಟವಾಗಿತ್ತು. ಅದರಲ್ಲಿ ‘ರೋಸ್‌ವುಡ್, ಅಂದರೆ ಶೀಶಮ್’ ಎಂಬ ಒಂದು ಸಾಲು ಇತ್ತು. ಲೇಖನದ ಉಳಿದ ಮಾತುಗಳ ಬಗ್ಗೆ ನನ್ನ ತಕರಾರೇನೂ ಇಲ್ಲ. ಆದರೆ ಈ ಒಂದು ಸಾಲನ್ನು ನಂಬಿಕೊಂಡು ಅಂಗಡಿಗೆ ಹೋದವರು ಬೀಟೆಯ ಬೆಲೆ ಕೊಟ್ಟು ಬೇರಾವುದೋ ಮರವನ್ನು ಮನೆಗೆ ತರುವ ಸಂಭವ ಹೆಚ್ಚಾಗಿರುವುದರಿಂದ, ಮರಗೆಲಸದಲ್ಲೇ ಬದುಕು ಕಳೆದ ನಾನು ನಾಲ್ಕು ಮಾತು ಬರೆಯಬೇಕಾಯಿತು. ನನ್ನ ತಂದೆ ಮೈಸೂರಿನಲ್ಲಿ ಬೀಟೆಯ ಮೇಲೆ ಇನ್‌ಲೇ ಕೆಲಸ, ಅಂದರೆ ಹಲಗೆಯಲ್ಲಿ ಬೇರೆ ಬಣ್ಣದ ಚೂರುಗಳನ್ನು ಕೂರಿಸಿ ಚಿತ್ರ ಮೂಡಿಸುವ ಕೆಲಸ, ಮಾಡುತ್ತಿದ್ದರು. ನಾನು ಅವರ ಕೈಕೆಳಗೆ ಕಲಿತು, ಆಮೇಲೆ ಬಹಳ ವರ್ಷ ಹುಡುಗರಿಗೆ ಮರಗೆಲಸ ಹೇಳಿಕೊಟ್ಟು, ಈಗ ನಿವೃತ್ತನಾಗಿದ್ದೇನೆ.

ಮೊದಲು ಹೆಸರಿನ ವಿಚಾರ. ಬೀಟೆ ಎಂದು ನಾವು ಕರೆಯುವ ಮರದ ಶಾಸ್ತ್ರೀಯ ಹೆಸರು ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ. ಇದು ಕೊಡಗು, ಚಿಕ್ಕಮಗಳೂರು, ಶಿವಮೊಗ್ಗ, ಉತ್ತರ ಕನ್ನಡದ ಕಾಡುಗಳಲ್ಲಿ ಬೆಳೆಯುವ, ಕಾಫಿ ತೋಟಗಳಲ್ಲಿ ನೆರಳಿಗೂ ಉಳಿಸಿಕೊಂಡಿರುವ ನಮ್ಮ ಮರ. ಶೀಶಮ್ ಇದೇ ಕುಲದ ಮತ್ತೊಂದು ಜಾತಿ, ಡಾಲ್ಬರ್ಜಿಯಾ ಸಿಸ್ಸೂ. ಅದರ ತವರು ಹಿಮಾಲಯದ ತಪ್ಪಲು. ಉತ್ತರ ಭಾರತದ ಪೀಠೋಪಕರಣಗಳಲ್ಲಿ ಹೆಚ್ಚಾಗಿ ಕಾಣುವುದು ಅದೇ. ಎರಡೂ ಒಂದೇ ಮನೆತನದವು ಎಂಬುದು ನಿಜ, ಆದರೆ ಅಣ್ಣತಮ್ಮಂದಿರು ಎಂದ ಮಾತ್ರಕ್ಕೆ ಒಬ್ಬರ ಸಾಲಪತ್ರಕ್ಕೆ ಇನ್ನೊಬ್ಬರು ಸಹಿ ಹಾಕಲಾಗುವುದಿಲ್ಲ. ಶೀಶಮ್ ಕೆಟ್ಟ ಮರವೇನಲ್ಲ. ಗಟ್ಟಿಯಾದ, ಬಾಳಿಕೆ ಬರುವ, ನೋಡಲು ಚೆಂದವಾದ ಮರ. ಶೀಶಮ್ ಎಂದು ಹೇಳಿ, ಶೀಶಮ್‌ನ ಬೆಲೆಗೆ ಮಾರಿದರೆ ಯಾರೂ ಆಕ್ಷೇಪಿಸಬೇಕಾಗಿಲ್ಲ. ತೊಂದರೆ ಇರುವುದು ‘ರೋಸ್‌ವುಡ್’ ಎಂಬ ಇಂಗ್ಲಿಷ್ ಮಾತಿನಲ್ಲಿ. ಆ ಮಾತಿನ ಕೆಳಗೆ ಬೀಟೆ, ಶೀಶಮ್, ಆಫ್ರಿಕಾದಿಂದ ಬರುವ ಬೇರೆ ಕುಲದ ಮರಗಳು, ಕೊನೆಗೆ ಬಣ್ಣ ಹಚ್ಚಿದ ಯಾವುದೋ ಕಾಡುಮರವೂ ನುಸುಳಿಕೊಳ್ಳುತ್ತವೆ. ಬ್ರಿಟಿಷರ ಕಾಲದಲ್ಲಿ ಇದೇ ಬೀಟೆಗೆ ‘ಬ್ಲ್ಯಾಕ್‌ವುಡ್’ ಎಂಬ ಹೆಸರೂ ಇತ್ತು. ಮುಂಬಯಿಯಲ್ಲಿ ತಯಾರಾಗುತ್ತಿದ್ದ ಆ ಕಾಲದ ಕೆತ್ತನೆಯ ಕುರ್ಚಿ ಸೋಫಾಗಳನ್ನು ಹಳೆಯ ವಸ್ತುಗಳ ವ್ಯಾಪಾರಿಗಳು ಇಂದಿಗೂ ಆ ಹೆಸರಿನಿಂದಲೇ ಮಾರುತ್ತಾರೆ. ಇಂಗ್ಲಿಷಿನಲ್ಲೇ ಒಂದು ಸ್ಥಿರವಾದ ಹೆಸರಿಲ್ಲದ ಮರಕ್ಕೆ ಕನ್ನಡದಲ್ಲಿ ಎರಡಕ್ಷರದ ಸ್ಪಷ್ಟವಾದ ಹೆಸರಿರುವಾಗ ನಾವೇಕೆ ಅದನ್ನು ಬಿಡಬೇಕು?

ಹೋದ ವರ್ಷ ನಮ್ಮ ಬೀದಿಯವರೊಬ್ಬರು ಮಗಳ ಮದುವೆಗೆಂದು ಒಂದು ಮಂಚ ಕೊಂಡರು. ರೋಸ್‌ವುಡ್ ಎಂದು ಅಂಗಡಿಯವರು ಹೇಳಿದ್ದರು. ಮನೆಗೆ ಬಂದ ಮೇಲೆ ನನ್ನನ್ನು ಕರೆದು, ‘ಒಂದು ಸಲ ನೋಡಿ ಹೇಳಿ ಸ್ವಾಮಿ’ ಎಂದರು. ಕರೆಯಬೇಕಾದದ್ದು ಕೊಳ್ಳುವ ಮುಂಚೆ. ಇರಲಿ. ಮಂಚವನ್ನು ಮಗ್ಗುಲಿಗೆ ಮಲಗಿಸಿ, ಕಾಲಿನ ತಳದಲ್ಲಿ ಪಾಲಿಶ್ ಮುಟ್ಟದ ಜಾಗದಲ್ಲಿ ಅರ್ಧ ಅಂಗುಲದ ಉಳಿಯಿಂದ ತೆಳ್ಳಗೆ ಒಂದು ಪದರ ಎತ್ತಿದೆ. ಮೇಲಿನ ಕಪ್ಪುಗೆಂಪು ಬಣ್ಣ ಒಂದು ಉಗುರಿನ ದಪ್ಪವೂ ಇರಲಿಲ್ಲ. ಅದರ ಕೆಳಗೆ ಮಾಸಲು ಕಂದು ಬಣ್ಣದ, ದೊಡ್ಡ ರಂಧ್ರಗಳ ಮರ. ಬಾಗೆ ಮರವೇ ಇರಬೇಕೆಂದು ನನ್ನ ಅಂದಾಜು, ಬೀಟೆಯಂತೂ ಖಂಡಿತ ಅಲ್ಲ. ರಸೀದಿಯನ್ನು ತೆಗೆಸಿ ನೋಡಿದರೆ ಅದರಲ್ಲಿ ‘ರೋಸ್‌ವುಡ್ ಫಿನಿಶ್ ಮಂಚ’ ಎಂದು ಬರೆದಿತ್ತು. ಅಂಗಡಿಯವರನ್ನು ಕೇಳಿದಾಗ, ಫಿನಿಶ್ ಎಂದರೆ ಬಣ್ಣ, ಮರ ಯಾವುದೆಂದು ನಾವು ಬರೆದುಕೊಟ್ಟಿಲ್ಲವಲ್ಲ ಎಂದರಂತೆ. ಅವರ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟ. ಬಾಯಲ್ಲಿ ಹೇಳಿದ್ದು ಒಂದು, ಕಾಗದದಲ್ಲಿ ಬರೆದದ್ದು ಇನ್ನೊಂದು, ನಿಲ್ಲುವುದು ಕಾಗದ. ಆದ್ದರಿಂದಲೇ, ಬೀಟೆಯ ವಸ್ತು ಕೊಳ್ಳುವವರು ರಸೀದಿಯಲ್ಲಿ ‘ಬೀಟೆ ಮರ’ ಎಂದೂ, ಸಾಧ್ಯವಾದರೆ ‘ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ’ ಎಂದೂ, ಇಡೀ ಮರವೋ ಅಥವಾ ಪ್ಲೈವುಡ್ ಮೇಲೆ ಅಂಟಿಸಿದ ವಿನಿಯರೋ (ತೆಳು ಮರದ ಹಾಳೆಯೋ) ಎಂಬುದನ್ನೂ ಬರೆಸಿಕೊಳ್ಳಬೇಕೆಂದು ನಾನು ಹೇಳುತ್ತಿದ್ದೇನೆ. ಹಾಗೆ ಬರೆದುಕೊಡಲು ಅಂಗಡಿಯವರು ಹಿಂಜರಿದರೆ ಅರ್ಧ ಉತ್ತರ ಅಲ್ಲಿಯೇ ಸಿಕ್ಕಂತಾಯಿತು.

ಇನ್ನು ಗುರುತು ಹಿಡಿಯುವ ಬಗೆ. ಬಣ್ಣವೊಂದನ್ನೇ ನಂಬಬೇಡಿ. ಬೀಟೆಯ ಚೇಗು, ಅಂದರೆ ಕಾಂಡದ ಒಳಗಿನ ಗಟ್ಟಿ ಮರ, ಹೊಸದಾಗಿ ಕೊಯ್ದಾಗ ನೇರಳೆ ಬೆರೆತ ಕಂದು ಬಣ್ಣಕ್ಕಿದ್ದು, ಉದ್ದಕ್ಕೂ ಕಪ್ಪು ಗೆರೆಗಳಿರುತ್ತವೆ. ಆದರೆ ಒಂದೇ ಮರದ ಎರಡು ಹಲಗೆಗಳಲ್ಲಿ ಒಂದು ಹೊಂಬಣ್ಣದ ಕಡೆಗೂ ಇನ್ನೊಂದು ಕಪ್ಪಿನ ಕಡೆಗೂ ವಾಲಿರುವುದುಂಟು. ಬೆಳಕಿನಲ್ಲಿ ವರ್ಷಗಟ್ಟಲೆ ಇದ್ದ ಮೇಲೆ ನೇರಳೆ ಛಾಯೆ ಕುಗ್ಗಿ ಬರೀ ಕಂದು ಉಳಿಯುತ್ತದೆ. ಹಾಗಾಗಿ ಅಜ್ಜನ ಕಾಲದ ನಿಜವಾದ ಬೀಟೆಯನ್ನು ಸಂಶಯದಿಂದ ನೋಡುವವರೂ, ಹೊಸ ನೇರಳೆ ಬಣ್ಣಕ್ಕೆ ಮರುಳಾಗುವವರೂ ಇದ್ದಾರೆ. ಚೇಗಿನ ಸುತ್ತಲಿನ ಹೊರಮರ ಬಿಳಿಚಿಕೊಂಡಂತಿರುತ್ತದೆ. ಅದಕ್ಕೆ ಕುಟ್ಟೆ ಹುಳು ಬೇಗ ಹತ್ತುತ್ತದೆ. ಆ ಬಿಳಿಯ ಭಾಗವನ್ನು ಕತ್ತರಿಸಿ ಬಿಸಾಡಿದರೆ ನಷ್ಟವೆಂದು ಬಣ್ಣ ಹಚ್ಚಿ ಚೇಗಿನ ಜೊತೆಗೆ ಸೇರಿಸಿಬಿಡುವುದು ಹಳೆಯ ಚಾಳಿ. ಮರ ಅಸಲಿಯೇ ಆಗಿದ್ದರೂ ಇದು ಮೋಸವೇ.

ನಂಬಬಹುದಾದ ಜಾಗ ಹಲಗೆಯ ತುದಿ. ಸಾಣೆ ಹಿಡಿಸಿದ ಉಳಿಯಿಂದಲೋ ಹೊಸ ಬ್ಲೇಡಿನಿಂದಲೋ ತುದಿಯಲ್ಲಿ ಒಂದು ಹೆಬ್ಬೆರಳಿನಷ್ಟು ಜಾಗವನ್ನು ಒಂದೇ ಎಳೆತಕ್ಕೆ ನಯವಾಗಿ ಕತ್ತರಿಸಿ, ಸ್ವಲ್ಪ ಒದ್ದೆ ಮಾಡಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡಬೇಕು. ಮರಳುಕಾಗದದಿಂದ ಉಜ್ಜಿದರೆ ರಂಧ್ರಗಳಲ್ಲಿ ಪುಡಿ ತುಂಬಿ ಏನೂ ಕಾಣುವುದಿಲ್ಲ. ತೇಗದಲ್ಲಿ ಪ್ರತಿ ಬಳೆಯ (ಮರದ ಬೆಳವಣಿಗೆಯ ಉಂಗುರದ) ಆರಂಭಕ್ಕೂ ದೊಡ್ಡ ರಂಧ್ರಗಳ ಸಾಲು ಮಣಿ ಪೋಣಿಸಿದಂತೆ ಎದ್ದು ಕಾಣುತ್ತದೆ. ಬೀಟೆಯಲ್ಲಿ ಅಂಥ ಸಾಲಿಲ್ಲ, ರಂಧ್ರಗಳು ಎಲ್ಲ ಕಡೆಗೂ ಚೆಲ್ಲಿಕೊಂಡಿರುತ್ತವೆ, ಕೆಲವುಗಳೊಳಗೆ ಕಪ್ಪು ಅಂಟು ತುಂಬಿರುತ್ತದೆ. ರಂಧ್ರದ ಎಡಬಲಕ್ಕೆ ಹಕ್ಕಿ ರೆಕ್ಕೆ ಚಾಚಿದಂತೆ ತಿಳಿಬಣ್ಣದ ಕಣಜಾಲ ಹರಡಿ, ಪಕ್ಕದ ರಂಧ್ರದ ರೆಕ್ಕೆಗೆ ಕೂಡಿಕೊಂಡು, ಅಲ್ಲಲ್ಲಿ ಅಂಕುಡೊಂಕಾದ ಸಣ್ಣ ಪಟ್ಟಿಗಳಾಗುತ್ತವೆ. ಒಂದು ಸಲ ಅಸಲಿ ಬೀಟೆಯ ತುಂಡಿನಲ್ಲಿ ಇದನ್ನು ಕಂಡವರು ಮತ್ತೆ ಮರೆಯಲಾರರು.

ಇದಕ್ಕಿಂತಲೂ ಸುಲಭವಾದ ಇನ್ನೊಂದು ಗುರುತಿದೆ, ಅದು ನಮ್ಮ ಬಡಗಿಗಳಲ್ಲೇ ಎಷ್ಟೋ ಜನರಿಗೆ ಗೊತ್ತಿಲ್ಲ. ಹಲಗೆಯ ಅಗಲವಾದ ಮೈಯನ್ನು, ಅದರಲ್ಲೂ ಬಳೆಗಳಿಗೆ ಮುಖಮಾಡಿ ಕೊಯ್ದ ಮೈಯನ್ನು, ನಯಗೊಳಿಸಿ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಎಳೆಗೆ ಅಡ್ಡವಾಗಿ ಅತಿ ಸಣ್ಣ ಗೆರೆಗಳು, ನೀರು ಇಳಿದ ಕೆರೆಯಂಗಳದ ಮರಳಿನ ಮೇಲಿನ ಅಲೆಗಳಂತೆ, ಒತ್ತೊತ್ತಾಗಿ ಕಾಣುತ್ತವೆ. ಮರದ ಕಣಗಳು ಅಂತಸ್ತಿನ ಮೇಲೆ ಅಂತಸ್ತಾಗಿ ಜೋಡಣೆಯಾಗಿರುವುದರಿಂದ ಈ ಗೆರೆಗಳು ಮೂಡುತ್ತವೆ. ಬೀಟೆಯಲ್ಲಿ ಇವು ಇರುತ್ತವೆ. ಬೀಟೆಯೆಂದು ಸಾಗಹಾಕುವ ಬಾಗೆಯಲ್ಲಿ, ಮತ್ತಿಯಲ್ಲಿ ಇರುವುದಿಲ್ಲ. ಬಣ್ಣ ಎಷ್ಟೇ ಹಚ್ಚಿದರೂ ಈ ಗೆರೆಗಳನ್ನು ಹುಟ್ಟಿಸಲು ಸಾಧ್ಯವಿಲ್ಲ. ಆದರೆ ಶೀಶಮ್‌ನಲ್ಲೂ ಹೊನ್ನೆಯಲ್ಲೂ ಇವು ಇರುವುದರಿಂದ ಗೆರೆ ಕಂಡಿತೆಂದು ಕೂಡಲೇ ತೀರ್ಮಾನಿಸಬಾರದು. ಹೊನ್ನೆಯನ್ನು ಬೇರ್ಪಡಿಸುವುದು ಕಷ್ಟವಲ್ಲ. ಅದರ ಚಕ್ಕೆಯನ್ನು ಗಾಜಿನ ಲೋಟದ ನೀರಿನಲ್ಲಿ ನೆನೆಹಾಕಿ ಬಿಸಿಲಿಗೆ ಹಿಡಿದರೆ ಹಳದಿಯಾದ ನೀರಿನ ಅಂಚಿನಲ್ಲಿ ನೀಲಿ ಹೊಳಪು ಕಾಣುತ್ತದೆ. ಸಕ್ಕರೆ ಕಾಯಿಲೆಯವರಿಗೆಂದು ಜಾತ್ರೆಗಳಲ್ಲಿ ಮಾರುವ ಹೊನ್ನೆಯ ಲೋಟದಲ್ಲಿ ಇದನ್ನು ಅನೇಕರು ನೋಡಿರಬಹುದು.

ತೂಕವೂ ಸ್ವಲ್ಪ ನೆರವಾಗುತ್ತದೆ. ಚೆನ್ನಾಗಿ ಒಣಗಿದ ಬೀಟೆ ಒಂದು ಘನ ಮೀಟರಿಗೆ ಸುಮಾರು 830 ಕೆ.ಜಿ. ತೂಗುತ್ತದೆ, ತೇಗ 650ರ ಆಸುಪಾಸು. ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಂಗುಲ ದಪ್ಪದ ಬೀಟೆಯ ಹಲಗೆ ಎರಡು ಕೆ.ಜಿ.ಗೆ ಹತ್ತಿರ ಬಂದರೆ, ಅಷ್ಟೇ ಅಳತೆಯ ತೇಗ ಒಂದೂವರೆ ಕೆ.ಜಿ. ಇರುತ್ತದೆ. ಶೀಶಮ್ ಬೀಟೆಗಿಂತ ತುಸುವೇ ಹಗುರವಾದ್ದರಿಂದ ತಕ್ಕಡಿ ಅಲ್ಲಿ ಸೋಲುತ್ತದೆ. ಕೆಲವು ವ್ಯಾಪಾರಿಗಳು ಚೂರೊಂದನ್ನು ನೀರಿಗೆ ಹಾಕಿ, ಮುಳುಗಿದರೆ ಅಸಲಿ ಎಂದು ತೋರಿಸುತ್ತಾರೆ. ಮೇಲಿನ ಲೆಕ್ಕವನ್ನೇ ನೋಡಿ: ನೀರು ಘನ ಮೀಟರಿಗೆ 1000 ಕೆ.ಜಿ. ಇರುವಾಗ ಒಣಗಿದ ಬೀಟೆ ಸಾಮಾನ್ಯವಾಗಿ ತೇಲಲೇಬೇಕು. ಮುಳುಗಿದರೆ ಅದು ಹಸಿ ಮರವೋ ಬೇರೆ ಮರವೋ ಎಂದು ವಿಚಾರಿಸಬೇಕು.

ಬೀಟೆ ಮತ್ತು ಶೀಶಮ್‌ಗಳ ನಡುವೆಯೇ ಅನುಮಾನ ಬಂದರೆ ನಮ್ಮ ಕಣ್ಣು, ಭೂತಗನ್ನಡಿ ಎರಡೂ ಸಾಲವು. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಕೇಂದ್ರ ಸರ್ಕಾರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಶುಲ್ಕ ಪಡೆದು ಮರದ ಮಾದರಿಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಜಾತಿಯನ್ನು ಹೇಳುವ ವ್ಯವಸ್ಥೆ ಇದೆ. ದೊಡ್ಡ ಮೊತ್ತದ ಖರೀದಿಯಾದರೆ ಆ ಶುಲ್ಕ ದಂಡವಲ್ಲ.

ಅಸಲಿ ಬೀಟೆ ಕೈಗೆ ಬಂದ ಮೇಲೂ ಅದನ್ನು ತೇಗದಂತೆ ನಡೆಸಿಕೊಂಡು ಹಾಳುಮಾಡುವವರು ಇದ್ದಾರೆ, ಮೊದಮೊದಲು ನಾನೂ ಅವರಲ್ಲೊಬ್ಬ. ಇದನ್ನು ನಿಧಾನವಾಗಿ, ನೆರಳಿನಲ್ಲಿ, ತುದಿಗಳಿಗೆ ಮೇಣವನ್ನೋ ದಪ್ಪ ಬಣ್ಣವನ್ನೋ ಬಳಿದು ಒಣಗಿಸಬೇಕು. ಅಂಗುಲ ದಪ್ಪಕ್ಕೆ ಒಂದು ವರ್ಷ ಎಂಬುದು ನಮ್ಮ ಹಿರಿಯರ ಲೆಕ್ಕವಾಗಿತ್ತು. ಒಣಗುವಾಗ ಬಳೆಯ ಗುಂಟ ಆಗುವ ಕುಗ್ಗು, ತಿರುಳಿನಿಂದ ಹೊರಕ್ಕೆ ಆಗುವ ಕುಗ್ಗಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು. ಆದ್ದರಿಂದ ಇನ್‌ಲೇ ಹಲಗೆಗೆ ಬಳೆಗಳು ನೆಟ್ಟಗೆ ನಿಲ್ಲುವಂತೆ ಕೊಯ್ದ ತುಂಡನ್ನೇ ಆರಿಸಿಕೊಳ್ಳಬೇಕು. ಇಲ್ಲದಿದ್ದರೆ ಮಳೆಗಾಲ ಮುಗಿದು ಬೇಸಿಗೆ ಬರುವ ಹೊತ್ತಿಗೆ ಕೂರಿಸಿದ ಚೂರುಗಳ ಸುತ್ತ ಕೂದಲೆಳೆಯ ಬಿರುಕು ಕಾಣಿಸಿಕೊಳ್ಳುತ್ತದೆ.

ಬೀಟೆಯ ರಂಧ್ರಗಳಲ್ಲಿ ಕೆಲವೊಮ್ಮೆ ಸುಣ್ಣದಂಥ ಬಿಳಿಯ ಗಟ್ಟಿ ಪದಾರ್ಥ ಸೇರಿಕೊಂಡಿರುತ್ತದೆ. ಬೆಳಿಗ್ಗೆ ಸಾಣೆ ಹಿಡಿಸಿದ ತೋಪಡದ (ಮರದ ಮೈ ಕೀಸುವ ಉಪಕರಣದ) ಅಲಗು ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಮೊಂಡಾಗುವುದು ಅದರಿಂದ. ಎಳೆಗಳೂ ಒಂದು ಪಟ್ಟಿಯಲ್ಲಿ ಈ ಕಡೆಗೆ, ಪಕ್ಕದ ಪಟ್ಟಿಯಲ್ಲಿ ಆ ಕಡೆಗೆ ಹೆಣೆದುಕೊಂಡಿರುವುದರಿಂದ, ದಪ್ಪ ಹೊರೆ ತೆಗೆಯಹೋದರೆ ಮೈ ಕಿತ್ತುಬರುತ್ತದೆ. ಅಲಗನ್ನು ಕಾಗದದಷ್ಟು ತೆಳುವಾಗಿ ಮಾತ್ರ ಹೊರಚಾಚಿ ತೋಪಡ ಹೊಡೆದು, ಕೊನೆಯ ನಯಕ್ಕೆ ಒಡೆದ ಗಾಜಿನ ಹೊಸ ಅಂಚಿನಿಂದ ಕೆರೆಯುವುದು ನಮ್ಮ ತಂದೆಯವರ ಕ್ರಮ. ಉಕ್ಕಿನ ತಗಡಿನ ಕೆರೆಯುವ ಉಪಕರಣ ಈಗ ಎಲ್ಲ ಕಡೆ ಸಿಗುತ್ತದೆ, ಆದರೂ ನಾನು ಇಂದಿಗೂ ಗಾಜನ್ನೇ ಇಟ್ಟುಕೊಂಡಿದ್ದೇನೆ. ಅಂಟು ಹಚ್ಚುವ ದಿನವೇ ಮೈಯನ್ನು ಹೊಸದಾಗಿ ಕೀಸಬೇಕು, ಏಕೆಂದರೆ ಮರದೊಳಗಿನ ಜಿಡ್ಡು ಹೊರಬಂದರೆ ಅಂಟು ಹಿಡಿಯುವುದಿಲ್ಲ. ತಿರುಪಿಗೆ ಮೊದಲೇ ತೂತು ಕೊರೆಯದಿದ್ದರೆ ಹಲಗೆ ಸೀಳುತ್ತದೆ ಎಂಬುದನ್ನು ಬಡಗಿಗಳಿಗೆ ಹೇಳಬೇಕಾಗಿಲ್ಲ.

ಪಾಲಿಶಿನ ವಿಷಯದಲ್ಲಿ ನಾನು ತೆತ್ತ ಬೆಲೆಯನ್ನು ಹೇಳಿಯೇ ಬಿಡುತ್ತೇನೆ. ಹತ್ತೊಂಬತ್ತರ ವಯಸ್ಸಿನಲ್ಲಿ ನನ್ನ ಕೈಗೆ ಮೊದಲ ಬಾರಿಗೆ ಪೂರ್ತಿ ಒಪ್ಪಿಸಿದ ಹಲಗೆಯಲ್ಲಿ ಮೂರು ಆನೆಗಳಿದ್ದವು. ಹಿಂದೆ ಅಂಥ ಕೆಲಸಕ್ಕೆ ದಂತ ಬಳಸುತ್ತಿದ್ದರು. ಅಂಬಾವಿಲಾಸ ಅರಮನೆಯಲ್ಲಿ ದಂತ ಕೂರಿಸಿದ ಬೀಟೆಯ ಬಾಗಿಲನ್ನು ಈಗಲೂ ನೋಡಬಹುದು. ನಮ್ಮ ಆನೆಗಳು ಮಾತ್ರ ಚನ್ನಪಟ್ಟಣದ ಬೊಂಬೆಗೆ ಬಳಸುವ ಬಿಳಿಯ ಹಾಲೆ ಮರದವು, ಅಂಬಾರಿಗೆ ಹಲಸಿನ ಹಳದಿ. ಚೂರುಗಳನ್ನು ಕೂರಿಸಿ, ಸಮ ಮಾಡಿ, ಮರಳುಕಾಗದ ಹೊಡೆದು ಮುಗಿಸಿದ ಮೇಲೆ ಸ್ಪಿರಿಟ್ ಪಾಲಿಶಿನಲ್ಲಿ ಬಟ್ಟೆಯ ಉಂಡೆಯನ್ನು ಚೆನ್ನಾಗಿ ಅದ್ದಿ, ಎಡದಿಂದ ಬಲಕ್ಕೆ ಉತ್ಸಾಹದಿಂದ ಎಳೆದೆ. ಬೀಟೆಯ ಬಣ್ಣ ಸ್ಪಿರಿಟ್ಟಿನಲ್ಲಿ ಕರಗುತ್ತದೆ ಎಂಬುದು ನನಗೆ ತಿಳಿದಿರಲಿಲ್ಲ. ಎರಡನೆಯ ಎಳೆತಕ್ಕೆ ಮುಂದಿನ ಆನೆಯ ನಾಲ್ಕು ಕಾಲುಗಳೂ ನೇರಳೆ ಹಣ್ಣು ಮೆಟ್ಟಿ ಬಂದಂತಾದವು. ಉಜ್ಜಿ ತೆಗೆಯಲು ಹೋದೆ. ಚೂರು ಮೊದಲೇ ತೆಳು, ಒಂದು ಕಾಲು ಸವೆದು ಕೆಳಗಿನ ಅಂಟು ಕಂಡಿತು. ತಂದೆಯವರು ಬೈಯಲಿಲ್ಲ. ಆ ಆನೆಯನ್ನು ಪೂರ್ತಿಯಾಗಿ ಕೆತ್ತಿ ತೆಗೆದು ಹೊಸದನ್ನು ಕೂರಿಸಲು ಹೇಳಿದರು, ಅದಕ್ಕೆ ಎಂಟು ದಿನ ಹಿಡಿಯಿತು. ಸರಿಯಾದ ಕ್ರಮವೆಂದರೆ, ತೆಳುವಾದ ಅರಗಿನ ಪಾಲಿಶನ್ನು ಸಣ್ಣ ಕುಂಚದಿಂದ ಬಿಳಿಯ ಚೂರುಗಳಿಗೆ ಮಾತ್ರ ಎರಡು ಮೂರು ಸಲ ಹಚ್ಚಿ ಒಣಗಿಸಿ, ಆಮೇಲೆ ಇಡೀ ಹಲಗೆಗೆ ಬಹಳ ಹಗುರವಾದ ಕೈಯಿಂದ, ಉಂಡೆ ಒದ್ದೆಯಾಗಿರದಂತೆ ನೋಡಿಕೊಂಡು, ಪದರ ಪದರವಾಗಿ ಹೋಗುವುದು. ಎಣ್ಣೆ ಮೂಲದ ವಾರ್ನಿಶನ್ನು ನೇರವಾಗಿ ಬೀಟೆಗೆ ಬಳಿದರೆ ದಿನಗಟ್ಟಲೆ ಅಂಟಂಟಾಗಿಯೇ ಉಳಿಯುವುದುಂಟು. ಮರದೊಳಗಿನ ಸತ್ವವೇ ಅದು ಒಣಗದಂತೆ ತಡೆಯುತ್ತದೆ. ಅಲ್ಲಿಯೂ ಮೊದಲು ಅರಗಿನ ಒಂದು ಪದರವೇ ಪರಿಹಾರ.

ಇದೇ ಗುಣವನ್ನು ಪರೀಕ್ಷೆಗೂ ಬಳಸಬಹುದು. ಪಾಲಿಶ್ ಇಲ್ಲದ ಜಾಗವನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರೆ ಬೀಟೆ ನೇರಳೆ ಛಾಯೆ ಬಿಡುತ್ತದೆ. ಹಚ್ಚಿದ ಬಣ್ಣವೂ ಬಿಡುತ್ತದಾದ್ದರಿಂದ, ಉಳಿಯಿಂದ ಮೇಲ್ಪದರ ಎತ್ತಿದ ನಂತರವೇ ಒರೆಸಬೇಕು.

ಬೀಟೆಯ ಪುಡಿಯನ್ನು ಹಗುರವಾಗಿ ಕಾಣಬಾರದು. ಚರ್ಮದ ಮೇಲೆ ತುರಿಕೆ, ಕೆಲವರಿಗೆ ಉಬ್ಬಸ ತರುವ ಅಂಶಗಳು ಅದರಲ್ಲಿವೆ. ಯಂತ್ರದ ಗರಗಸದ ಮುಂದೆ ಮುಖಗವಸಿಲ್ಲದೆ ನಿಂತು ಕೆಲಸ ಮಾಡುವ ಹುಡುಗರನ್ನು ನೋಡಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಕಾನೂನಿನ ಮಾತನ್ನು ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ಮರದ ಹೆಸರು ಸರಿಯಾಗಿರಬೇಕಾದ ಇನ್ನೊಂದು ಕಾರಣ ಅಲ್ಲಿದೆ. ನಮ್ಮ ರಾಜ್ಯದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ, ಸ್ವಂತ ಜಮೀನಿನಲ್ಲಿರುವ ಬೀಟೆಯನ್ನು ಕಡಿಯಲೂ ಅನುಮತಿ ಬೇಕು, ನಾಟವನ್ನು ಸಾಗಿಸಲು ಅರಣ್ಯ ಇಲಾಖೆಯ ರಹದಾರಿ ಬೇಕು. ಕಡಿಮೆ ಬೆಲೆಗೆ, ಕಾಗದವಿಲ್ಲದೆ ರಾತ್ರಿ ಹೊತ್ತು ಬಂದಿಳಿಯುವ ಬೀಟೆಯನ್ನು ಕೊಂಡವರು ಕಳ್ಳಮಾಲು ಕೊಂಡಂತೆಯೇ. ಅಂತರರಾಷ್ಟ್ರೀಯ ವ್ಯಾಪಾರದಲ್ಲಿ 2017ರ ಜನವರಿ 2ರಿಂದ ಡಾಲ್ಬರ್ಜಿಯಾ ಕುಲದ ಮರಗಳೆಲ್ಲವೂ ಅಳಿವಿನ ಭಯವಿರುವ ಸಸ್ಯ ಪ್ರಾಣಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ 2ನೇ ಅನುಬಂಧಕ್ಕೆ, ಅಂದರೆ ಹೊರದೇಶಕ್ಕೆ ಕಳಿಸಲು ಅನುಮತಿ ಪತ್ರ ಬೇಕಾದ ಪಟ್ಟಿಗೆ, ಸೇರಿವೆ. ಬ್ರೆಜಿಲ್ ದೇಶದ ಒಂದು ಜಾತಿ 1992ರಿಂದಲೇ ಇನ್ನೂ ಬಿಗಿಯಾದ 1ನೇ ಅನುಬಂಧದಲ್ಲಿದೆ. ಗಿಟಾರ್ ತಯಾರಕರು ಆ ಮರವನ್ನು ಬಿಟ್ಟು ನಮ್ಮ ಬೀಟೆಯ ಕಡೆಗೆ ತಿರುಗಿದ್ದು ಇಂದಿನ ಮಾತಲ್ಲ, ಅಮೆರಿಕದ ಮಾರ್ಟಿನ್ ಕಂಪನಿ 1969ರ ಸುಮಾರಿಗೇ ಹಾಗೆ ಮಾಡಿತು. ಸಿದ್ಧವಾದ ಸಂಗೀತ ವಾದ್ಯಗಳಿಗೆ 2019ರ ನವೆಂಬರಿನಿಂದ ವಿನಾಯಿತಿ ಸಿಕ್ಕಿದೆ. ಸಿದ್ಧ ವಸ್ತುಗಳಿಗೆ ಒಂದು ರವಾನೆಯಲ್ಲಿ ಈ ಮರದ ತೂಕ 10 ಕೆ.ಜಿ. ಮೀರದಿದ್ದರೆ ವಿನಾಯಿತಿಯಿದೆ. ಹೊರದೇಶದಲ್ಲಿರುವ ಮಕ್ಕಳಿಗೆ ಮೈಸೂರಿನ ಇನ್‌ಲೇ ಚಿತ್ರಫಲಕ ಕಳಿಸುವ ತಂದೆತಾಯಂದಿರು ಇದನ್ನು ತಿಳಿದಿದ್ದು, ಮರದ ಹೆಸರಿರುವ ರಸೀದಿಯನ್ನು ಜೊತೆಗಿಟ್ಟರೆ ಒಳ್ಳೆಯದು.

ಬೀಟೆ ನಿಧಾನವಾಗಿ ಬೆಳೆಯುವ ಮರ. ಕಡಿದ ಜಾಗದಲ್ಲಿ ಬೇರಿನಿಂದ ಮರಿಗಿಡಗಳು ಎದ್ದರೂ ಅವು ಚೇಗು ಕಟ್ಟಲು ಮೊಮ್ಮಕ್ಕಳ ಕಾಲ ಬರಬೇಕು. ಅದಕ್ಕೇ ಹೊಸ ನಾಟಕ್ಕಿಂತ, ಕೆಡವಿದ ಹಳೆಯ ಮನೆಗಳ ಬಾಗಿಲುವಾಡ, ತೊಲೆ, ಮುರಿದ ಮಂಚದ ಕಾಲುಗಳನ್ನು ಹುಡುಕಿ ಬಳಸಿ ಎಂದು ನನ್ನ ಹತ್ತಿರ ಬರುವ ಹುಡುಗರಿಗೆ ಹೇಳುತ್ತೇನೆ. ಅವು ಕಾಲ ಕಂಡು ಒಣಗಿರುತ್ತವೆ, ಇನ್ನು ಕುಗ್ಗುವ ಭಯ ಕಡಿಮೆ. ಮೊಳೆ ಉಳಿದಿದೆಯೇ ಎಂದು ಮಾತ್ರ ಆಯಸ್ಕಾಂತ ಆಡಿಸಿ ನೋಡಬೇಕು. ನಾನು ಹೋದ ತಿಂಗಳು ನೋಡದೆ ಹೋಗಿ ಒಂದು ಒಳ್ಳೆಯ ಅಲಗನ್ನು ಕಳೆದುಕೊಂಡೆ.

ಮುಂದಿನ ಭಾನುವಾರದ ಪುರವಣಿಯಲ್ಲಿ ‘ಶೀಶಮ್ ಬೇರೆ, ಬೀಟೆ ಬೇರೆ’ ಎಂದು ಆ ಒಂದು ಸಾಲನ್ನು ತಿದ್ದಿ ಪ್ರಕಟಿಸಬೇಕೆಂದೂ, ಇನ್ನು ಮುಂದೆ ಈ ಮರದ ಬಗ್ಗೆ ಬರೆಯುವಾಗ ಪತ್ರಿಕೆಯವರು ‘ಬೀಟೆ’ ಎಂಬ ಹೆಸರನ್ನೇ ಬಳಸಬೇಕೆಂದೂ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಮರಗೆಲಸ ಬೋಧಕ,
ಮೈಸೂರು